ಕೋಲುಗಾಳಕ್ಕೆ ತಕ್ಕ ಎಲಾಸ್ಟಿಕ್ಕನ್ನು ಆರಿಸುವ ಕ್ರಮ

ಬಿದಿರಿನ ಕೋಲು, ಅದರ ತುದಿಗೆ ಕಟ್ಟಿದ ದಾರ, ದಾರದಲ್ಲಿ ತೇಲುವ ಬೆಂಡು, ಕೊನೆಯಲ್ಲಿ ಎರೆಹುಳುವನ್ನು ಸಿಕ್ಕಿಸಿದ ಕೊಕ್ಕೆ: ಗಾಳದ ಸಾಮಗ್ರಿಯು ಇಷ್ಟೇ ಎಂಬುದು ಕೆರೆಯಿರುವ ಪ್ರತಿಯೊಂದು ಗ್ರಾಮದ ಹುಡುಗರಿಗೂ ತಿಳಿದಿರತಕ್ಕ ಸಂಗತಿಯಾಗಿದೆ. ಈ ಕೋಲಿಗೆ ರಾಟೆಯಿಲ್ಲ. ದಾರವನ್ನು ಸಡಿಲ ಬಿಡುವುದಕ್ಕಾಗಲಿ ಸುತ್ತಿಕೊಳ್ಳುವುದಕ್ಕಾಗಲಿ ಉಪಾಯವಿಲ್ಲ. ಆದಕಾರಣ ಅಂಗೈಯಗಲದ ಮೀನು ಸಿಕ್ಕಿದರೆ ಅದು ಸುಖವಾಗಿ ದಡಕ್ಕೆ ಬರುತ್ತದೆ. ಎರಡು ಮೂರು ಕಿಲೋ ತೂಗುವ ಗೆಂಡೆಯು ಸಿಕ್ಕಿದರೆ ದಾರವು ಹರಿಯುತ್ತದೆ, ಇಲ್ಲವೆ ಕೋಲು ಮುರಿಯುತ್ತದೆ, ಇಲ್ಲವೆ ಮೀನಿನ ತುಟಿಯು ಸೀಳುತ್ತದೆ. ಇಂಗ್ಲೆಂಡ್, ಫ್ರಾನ್ಸ್, ಇಟಲಿ ಮೊದಲಾದ ದೇಶಗಳಲ್ಲಾದರೋ ರಾಟೆಯಿಲ್ಲದ ಇದೇ ಬಗೆಯ ಕೋಲಿನಿಂದ, ಕೂದಲಿನಷ್ಟು ಸಣ್ಣ ದಾರವನ್ನು ಕಟ್ಟಿಕೊಂಡು, ಹತ್ತು ಪೌಂಡಿಗೆ ಮೇಲ್ಪಟ್ಟ ಗೆಂಡೆಗಳನ್ನು ಸಹ ಹಿಡಿಯುತ್ತಾರೆ. ಇದನ್ನು ಸಾಧ್ಯಮಾಡಿರುವ ವಸ್ತುವು ಕೋಲಿನ ಟೊಳ್ಳಿನೊಳಗೆ ಅಡಗಿರುವ ಒಂದು ರಬ್ಬರಿನ ಎಳೆ. ಅದನ್ನು ಎಲಾಸ್ಟಿಕ್ ಎಂದು ಕರೆಯುತ್ತಾರೆ. ಈ ಎಳೆಯನ್ನು ಯಾವ ದಪ್ಪದಲ್ಲಿ, ಯಾವ ಉದ್ದದಲ್ಲಿ, ಎಷ್ಟು ಬಿಗಿಯಾಗಿ ಇಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ವ್ಯವಸಾಯದ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಏನು ಸ್ಥಾನವೆಂದು ಕೆಲವರು ಭೂಮಾಲೀಕರಿಗೆ ತೋರಬಹುದು. ಅವರು ಮೊದಲು ಇಂಗ್ಲೆಂಡಿನ ಬೇಸಾಯಗಾರರು ನಡೆಸಿರುವ ಒಂದು ಉದ್ಯಮವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೀನೇ ಬಂಡವಾಳ

1980 ಮತ್ತು 1990ರ ದಶಕಗಳಲ್ಲಿ ಇಂಗ್ಲೆಂಡಿನ ಅನೇಕ ಜಮೀನುದಾರರು, ಪೈರಿಗೆ ಒದಗದ ಜೌಗು ಮೂಲೆಗಳಲ್ಲಿಯೂ ಜೇಡಿಮಣ್ಣಿನ ತಗ್ಗುಗಳಲ್ಲಿಯೂ ಕೊಳಗಳನ್ನು ತೋಡಿಸಿ, ಅವುಗಳಲ್ಲಿ ಗೆಂಡೆ ಮೀನುಗಳನ್ನು ಬಿಟ್ಟು, ದಿನಕ್ಕೆ ಇಷ್ಟೆಂದು ಹಣ ತೆಗೆದುಕೊಂಡು ಪಟ್ಟಣವಾಸಿಗಳಿಗೆ ಗಾಳ ಹಾಕಲು ಅವಕಾಶ ಕೊಡತೊಡಗಿದರು. ಹಸುವಿನ ಹಾಲು, ಕುರಿಯ ಉಣ್ಣೆಗಳಂತೆ ಕೊಳವೂ ಅಲ್ಲಿ ಜಮೀನಿನ ಒಂದು ಉತ್ಪತ್ತಿಯಾಯಿತು. ಆದರೆ ನಮ್ಮ ಕೆರೆಗಳಿಗೂ ಈ ಕೊಳಗಳಿಗೂ ಒಂದು ಮುಖ್ಯ ಭೇದವುಂಟು. ಅಲ್ಲಿ ಹಿಡಿದ ಮೀನನ್ನು ಮನೆಗೆ ಕೊಂಡೊಯ್ಯುವುದಿಲ್ಲ. ಹಿಡಿಯುವುದು, ತೂಗುವುದು, ಮತ್ತೆ ನೀರಿಗೆ ಬಿಡುವುದು: ಇಷ್ಟೇ. ಒಂದೇ ಗೆಂಡೆಯು ವರ್ಷದಲ್ಲಿ ಹಲವು ಬಾರಿ ಸಿಕ್ಕಿ, ಹಲವು ಬಾರಿ ಬಿಡಲ್ಪಡುತ್ತದೆ. ಹೀಗಿರುವಾಗ ಮೀನು ಬೆಳೆಯಲ್ಲ, ಬಂಡವಾಳ. ಅದು ಸತ್ತರೆ ಒಡೆಯನಿಗೆ ಆಗುವ ನಷ್ಟವು ಹಾಲು ಚೆಲ್ಲಿದ ನಷ್ಟವಲ್ಲ, ಹಸು ಸತ್ತ ನಷ್ಟ.

ದಾರವು ಹರಿದು ಮೀನು ತಪ್ಪಿಸಿಕೊಂಡರೆ ಗಾಳದವನಿಗೆ ಒಂದು ಮೀನು ಹೋಯಿತು, ಅಷ್ಟೆ. ಒಡೆಯನಿಗೆ ಹಾಗಲ್ಲ. ಆ ಮೀನು ಬಾಯಲ್ಲಿ ಕೊಕ್ಕೆಯನ್ನೂ ಅದರ ಹಿಂದೆ ಮೊಳದುದ್ದ ದಾರವನ್ನೂ ಬೆಂಡನ್ನೂ ಎಳೆದುಕೊಂಡು ತಿರುಗುತ್ತದೆ. ದಾರವು ಆಪಿಗೋ ನೀರಿನಲ್ಲಿ ಮುಳುಗಿದ ಕೊಂಬೆಗೋ ಸುತ್ತಿಕೊಂಡರೆ ಮೀನು ಗೂಟಕ್ಕೆ ಕಟ್ಟಿದ ಕರುವಿನಂತೆ ಅಲ್ಲಿಯೇ ಸಾಯುತ್ತದೆ. ತುಟಿ ಸೀಳಿದ ಮೀನು ಬದುಕಿದರೂ ಚೆನ್ನಾಗಿ ಮೇಯಲಾರದು. ಇದಕ್ಕಾಗಿಯೇ ಅಲ್ಲಿನ ಕೊಳಗಳ ಬಾಗಿಲಲ್ಲಿ ಕೊಕ್ಕೆಗೆ ಹಿಮ್ಮುಳ್ಳು ಇರಕೂಡದು, ದಾರವು ಇಷ್ಟಕ್ಕಿಂತ ದುರ್ಬಲವಾಗಿರಕೂಡದು ಎಂದು ಮುಂತಾಗಿ ಫಲಕಗಳನ್ನು ಹಾಕಿರುತ್ತಾರೆ. ಎಲಾಸ್ಟಿಕ್ಕಿನ ಆಯ್ಕೆಯು ಗಾಳದವನ ಚಾತುರ್ಯಕ್ಕೆ ಸಂಬಂಧಿಸಿದ ವಿಷಯವೆಂದು ತೋರಿದರೂ, ಅದರ ಲಾಭನಷ್ಟಗಳು ಹೆಚ್ಚಾಗಿ ಕೊಳದ ಒಡೆಯನವೇ.

ನಮ್ಮಲ್ಲಿಯೂ ಕೃಷಿ ಹೊಂಡಗಳನ್ನು ತೋಡಿಸಿ ಮೀನು ಬಿಟ್ಟಿರುವ ಭೂಮಾಲೀಕರು ಅನೇಕರಿದ್ದಾರೆ. ಇಂಗ್ಲೆಂಡಿನ ಕೊಳಗಳಲ್ಲಿರುವ ಗೆಂಡೆಯೂ ನಮ್ಮ ಕೆರೆಗಳ ಸಾಮಾನ್ಯ ಗೆಂಡೆಯೂ ಒಂದೇ ಜಾತಿಯವು. ಅದು ನಮ್ಮ ದೇಶದ ಮೀನಲ್ಲ; 1939ರಲ್ಲಿ ಜರ್ಮನಿಯ ತಳಿಯು ಸಿಂಹಳದಿಂದ ನೀಲಗಿರಿಗೂ, 1957ರಲ್ಲಿ ಬ್ಯಾಂಕಾಕಿನ ತಳಿಯು ಬಯಲುಸೀಮೆಗಳಿಗೂ ಬಂದವು. ಹೊಂಡದ ದಡದಲ್ಲಿ ಅತಿಥಿಗಳಿಗೆ ಗಾಳ ಹಾಕಲು ಅವಕಾಶ ಮಾಡಿಕೊಡಬೇಕೆಂದು ಯೋಚಿಸುವವರು ಮೊದಲು ಈ ರಬ್ಬರಿನ ಎಳೆಯ ಗುಣವನ್ನು ಅರಿತಿರತಕ್ಕದ್ದು.

ಕೋಲಿನ ರಚನೆ

ಲಂಡನ್ನಿನ ಥೇಮ್ಸ್ ಮತ್ತು ಲೀ ನದಿಗಳ ದಡದಲ್ಲಿ ರೋಚ್ ಎಂಬ ಸಣ್ಣ ಮೀನಿಗಾಗಿ ಉದ್ದವಾದ ಬಿದಿರಿನ ಕೋಲುಗಳನ್ನು ಬಳಸುವ ಪದ್ಧತಿಯು ಬಹಳ ಹಿಂದಿನದು. ಇಂಗ್ಲೆಂಡಿನ ಫಾರ್ನ್‌ಬರೋ ಎಂಬಲ್ಲಿ ವಿಮಾನಗಳಿಗಾಗಿ 1960ರ ದಶಕದಲ್ಲಿ ಇಂಗಾಲದ ನಾರನ್ನು ಸಿದ್ಧಪಡಿಸಿದ ಮೇಲೆ, ಆ ನಾರು ಮೆಲ್ಲಮೆಲ್ಲನೆ ಗಾಳದ ಕೋಲಿಗೂ ಬಂದಿತು. ಈಗಿನ ಕೋಲು ಟೊಳ್ಳಾದ ತುಂಡುಗಳನ್ನು ಒಂದರೊಳಗೊಂದು ಸೇರಿಸಿ ಮಾಡಿದ್ದು. ಉದ್ದವು 13 ರಿಂದ 16 ಮೀಟರು, ಎಂದರೆ ನಾಲ್ಕಾಳಿಗಿಂತಲೂ ಹೆಚ್ಚು. ಇಷ್ಟುದ್ದದ ಕೋಲನ್ನು ಕೈಯಲ್ಲಿ ಹಿಡಿದು ಕುಳಿತಿರಲು ಸಾಧ್ಯವಾಗುವುದು ಆ ನಾರಿನ ಹಗುರದಿಂದಲೇ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಪುರುಷರಿಗೆ 13 ಮೀಟರಿನ ಮಿತಿಯನ್ನು ವಿಧಿಸಿದ್ದಾರೆ.

ಕಾವೇರಿಯ ಬಿಳಿಮೀನಿಗೆ ಹಿಂದೆ ದೊರೆಗಳೂ ಸಾಹೇಬರೂ ಬಳಸುತ್ತಿದ್ದ ರಾಟೆಯ ಕೋಲಿಗೂ ಇದಕ್ಕೂ ಏನೂ ಸಾಮ್ಯವಿಲ್ಲ. ಅಲ್ಲಿ ಮೀನು ಓಡಿದಷ್ಟು ದಾರವು ರಾಟೆಯಿಂದ ಬಿಚ್ಚಿಕೊಳ್ಳುತ್ತದೆ. ಇಲ್ಲಿ ದಾರದ ಉದ್ದವು ಗೊತ್ತಾದದ್ದು. ದಾರವು ಕೊಡಲಾರದ ಸಡಿಲವನ್ನು ಎಲಾಸ್ಟಿಕ್ ಕೊಡಬೇಕು.

ಕೋಲಿನ ತುದಿಯ ಎರಡು ಅಥವಾ ಮೂರು ತುಂಡುಗಳೊಳಗೆ ಈ ಎಳೆಯು ಹಾದುಹೋಗುತ್ತದೆ. ಅದರ ಬುಡವನ್ನು ತುಂಡಿನ ಹಿಂಬದಿಯೊಳಗೆ ತುರುಕಿದ ಒಂದು ಬಿರಡೆಗೆ ಕಟ್ಟಿರುತ್ತಾರೆ. ಇನ್ನೊಂದು ಕೊನೆಯು ಕೋಲಿನ ತುದಿಯಲ್ಲಿ ಕೂರಿಸಿದ ನುಣುಪಾದ ಟೆಫ್ಲಾನ್ ಬಳೆಯ ಮೂಲಕ ಹೊರಗೆ ಬಂದು ಒಂದು ಸಣ್ಣ ಕೊಂಡಿಯಲ್ಲಿ ಮುಗಿಯುತ್ತದೆ. ಆ ಕೊಂಡಿಗೆ ದಾರ. ದಾರದ ಕೊನೆಗೆ ಅದಕ್ಕಿಂತ ಸಣ್ಣದಾದ ಒಂದು ಗೇಣಿನ ಎಳೆ. ಅದರ ಕೊನೆಗೆ ಕೊಕ್ಕೆ. ಈ ಕೊನೆಯ ಗೇಣಿನ ಎಳೆಯನ್ನು ಮುಂದೆ ಗಾಳದೆಳೆ ಎಂದು ಕರೆಯಲಾಗುವುದು. ಬೇಕೆಂದೇ ಅದನ್ನು ದಾರಕ್ಕಿಂತ ದುರ್ಬಲವಾಗಿ ಇಡುತ್ತಾರೆ. ಹರಿಯುವುದಾದರೆ ಕೊಕ್ಕೆಯ ಹತ್ತಿರವೇ ಹರಿಯಲಿ, ಮೀನು ಬೆಂಡನ್ನೂ ಉದ್ದವಾದ ದಾರವನ್ನೂ ಹೊತ್ತುಕೊಂಡು ಹೋಗದಿರಲಿ ಎಂಬುದೇ ಇದರ ಉದ್ದೇಶ.

ಮೀನು ಕೊಕ್ಕೆಯನ್ನು ಕಚ್ಚಿ ಓಡಿದಾಗ ರಬ್ಬರಿನ ಎಳೆಯು ಕೋಲಿನ ತುದಿಯಿಂದ ಹೊರಗೆ ಬರುತ್ತ ಉದ್ದವಾಗುತ್ತದೆ. ಗಾಳದವನು ಕೋಲನ್ನು ಹಿಂದಕ್ಕೆ ಸರಿಸುತ್ತ, ಹಿಂಬದಿಯ ತುಂಡುಗಳನ್ನು ಕಳಚಿ ಪಕ್ಕಕ್ಕಿಟ್ಟು, ಕೊನೆಗೆ ತುದಿಯ ತುಂಡುಗಳನ್ನು ಮಾತ್ರ ಹಿಡಿದು, ಬಳಲಿದ ಮೀನನ್ನು ಕೈಬಲೆಯಲ್ಲಿ ಎತ್ತುತ್ತಾನೆ.

ಈ ಕೋಲಿನ ವಿಷಯದಲ್ಲಿ ಗ್ರಾಮದ ಮುಖಂಡರು ಅವಶ್ಯವಾಗಿ ತಿಳಿದಿರಬೇಕಾದ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಇಂಗಾಲದ ನಾರು ವಿದ್ಯುಚ್ಛಕ್ತಿಯನ್ನು ಹರಿಯಗೊಡುವ ವಸ್ತು. ನಮ್ಮ ಹೊಲಗದ್ದೆಗಳ ಮೇಲೆ ಪಂಪುಸೆಟ್ಟುಗಳ ತಂತಿಗಳು ಹಾದುಹೋಗಿರುವುದು ಸಾಮಾನ್ಯ. ಅಂಥ ತಂತಿಗೆ ಈ ಕೋಲು ತಗಲಿದರೆ, ಉನ್ನತ ವೋಲ್ಟೇಜಿನ ತಂತಿಯಾದರೆ ತಗಲದೆ ಹತ್ತಿರ ಹೋದರೂ ಸಹ, ಹಿಡಿದವನ ಪ್ರಾಣಕ್ಕೆ ಅಪಾಯ. ಇಂಗ್ಲೆಂಡಿನಲ್ಲಿ ಇದರಿಂದ ಸತ್ತವರಿದ್ದಾರೆ. ಮೇಲೆ ಹಾದುಹೋಗುವ ತಂತಿಗಳಿಂದ 30 ಮೀಟರಿನೊಳಗೆ ಗಾಳ ಹಾಕಕೂಡದೆಂಬುದು ಅಲ್ಲಿನ ಎಚ್ಚರಿಕೆಯ ನಿಯಮ. ಹೊಂಡದ ಹತ್ತಿರ ತಂತಿಯಿರುವ ಒಡೆಯನು ಇಂಥ ಕೋಲನ್ನು ತರಗೊಡದಿರುವುದೇ ಸರಿ. ಗುಡುಗು ಮಿಂಚಿನ ಹೊತ್ತಿನಲ್ಲಿಯೂ ಹಾಗೆಯೇ.

ರಬ್ಬರಿನ ಗುಣ

ರಬ್ಬರು ಮರದ ಹಾಲಿನಿಂದ ಬರುವ ವಸ್ತುವೆಂಬುದನ್ನು ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಕಡೆಯ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಹಸಿಯ ರಬ್ಬರು ಸೆಕೆಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಗಂಧಕವನ್ನು ಸೇರಿಸಿ ಕಾಯಿಸಿದರೆ ಈ ಎರಡು ದೋಷಗಳೂ ಹೋಗುವುವೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬುವನು 1839ರಲ್ಲಿ ಕಂಡುಹಿಡಿದನು. ಗಾಳದ ಎಲಾಸ್ಟಿಕ್ಕೂ ಹೀಗೆ ಹದಮಾಡಿದ ರಬ್ಬರಿನ ಹಾಲಿನಿಂದಲೇ ಆದುದು.

ಒಂದು ಒಳ್ಳೆಯ ಎಳೆಯು ತನ್ನ ಉದ್ದದ ಐದಾರು ಪಟ್ಟು ಹಿಗ್ಗಬಲ್ಲದು. ಆದರೆ ಅದು ಎಲ್ಲ ಹಂತದಲ್ಲಿಯೂ ಒಂದೇ ಸಮನಾಗಿ ಹಿಗ್ಗುವುದಿಲ್ಲ. ಮೊದಲ ಎಳೆತಕ್ಕೆ ಕೊಂಚ ಪ್ರತಿಭಟಿಸಿ, ಬಳಿಕ ಬಹುದೂರದವರೆಗೆ ಮೃದುವಾಗಿ ಬರುತ್ತದೆ; ಕೊನೆಯ ಹಂತದಲ್ಲಿ ಥಟ್ಟನೆ ಬಿಗಿಯುತ್ತದೆ. ಆ ಮೇಲೆ ಅದು ರಬ್ಬರಲ್ಲ, ಹಗ್ಗದಂತೆಯೇ. ದಾರವು ಹರಿಯುವುದು ಯಾವಾಗಲೂ ಈ ಕೊನೆಯ ಹಂತದಲ್ಲಿ. ಅಂಗಡಿಯಲ್ಲಿ ಎಳೆಯನ್ನು ಎರಡು ಬೆರಳಿನಿಂದ ಗೇಣುದ್ದ ಜಗ್ಗಿ ನೋಡಿ ಇದು ಮೃದು, ಇದು ಗಡಸು ಎಂದು ತೀರ್ಮಾನಿಸುವವರು ಮೊದಲ ಹಂತವನ್ನು ಮಾತ್ರ ನೋಡಿದವರು. ಮೀನು ಪರೀಕ್ಷಿಸುವುದು ಕೊನೆಯ ಹಂತವನ್ನು.

ಉದ್ದದ ವಿಷಯದಲ್ಲಿ ಒಂದು ಸುಲಭವಾದ ಲೆಕ್ಕವಿದೆ. ಒಂದೇ ದಪ್ಪದ ಎಳೆಯನ್ನು ಇಮ್ಮಡಿ ಉದ್ದವಾಗಿ ಹಾಕಿದರೆ, ಅಷ್ಟೇ ಎಳೆತಕ್ಕೆ ಅದು ಇಮ್ಮಡಿ ದೂರ ಬರುತ್ತದೆ. ಆದ್ದರಿಂದ ಒಂದು ತುಂಡಿನಲ್ಲಿ ಹಾಕಿದ ತೆಳುವಾದ ಎಳೆಯು ದೊಡ್ಡ ಮೀನಿನ ಒಂದೇ ಓಟಕ್ಕೆ ತನ್ನ ಕೊನೆಯನ್ನು ಮುಟ್ಟುತ್ತದೆ; ಅದೇ ಎಳೆಯನ್ನು ಎರಡು ಮೂರು ತುಂಡುಗಳ ಉದ್ದಕ್ಕೂ ಹಾಕಿದರೆ ಆ ಓಟವನ್ನು ತಡೆದುಕೊಳ್ಳುತ್ತದೆ. ಬೆರಳುದ್ದದ ಮೀನುಗಳನ್ನು ಬೇಗಬೇಗ ಎತ್ತುವ ಕೆಲಸಕ್ಕೆ ಮಾತ್ರ ಗಿಡ್ಡ ಎಳೆಯು ಅನುಕೂಲ. ಗೆಂಡೆಯಿರುವ ನೀರಿನಲ್ಲಿ ಎರಡು ತುಂಡಿಗಿಂತ ಕಡಿಮೆಯ ಉದ್ದವನ್ನು ಹಾಕುವುದು ತರವಲ್ಲ.

ಕೊಕ್ಕೆಯಿಂದ ಮೇಲಕ್ಕೆ ಆರಿಸುವುದು

ಹೊಸಬರು ಮೊದಲು ಕೋಲನ್ನು ಕೊಳ್ಳುತ್ತಾರೆ, ಬಳಿಕ ಅಂಗಡಿಯವನು ಕೊಟ್ಟ ಎಲಾಸ್ಟಿಕ್ಕನ್ನು ಹಾಕಿಸುತ್ತಾರೆ, ಕಟ್ಟಕಡೆಗೆ ಕೊಕ್ಕೆಯನ್ನು ಆರಿಸುತ್ತಾರೆ. ಇದು ತಲೆಕೆಳಗಾದ ಕ್ರಮ. ಸರಪಣಿಯಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ಗಾಳದೆಳೆ. ಅದನ್ನು ಮೀನಿಗೆ ತಕ್ಕಂತೆ ಗೊತ್ತುಮಾಡಿಕೊಂಡು, ಆ ಗಾಳದೆಳೆಯು ಹರಿಯುವುದಕ್ಕೆ ಬಹು ಮುಂಚೆಯೇ ಹಿಗ್ಗತಕ್ಕ ಎಲಾಸ್ಟಿಕ್ಕನ್ನು ಆರಿಸಬೇಕು.

ನೈಲಾನ್ ದಾರದ ಬಲವು ಅದರ ದಪ್ಪಕ್ಕೆ ನೇರವಾಗಿ ಅಲ್ಲ, ದಪ್ಪದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. 0.10 ಮಿಲಿಮೀಟರಿನ ಎಳೆಯು ಅಂದಾಜು 2 ಪೌಂಡನ್ನು ತಡೆದರೆ, 0.14ರದು 4 ಪೌಂಡನ್ನೂ 0.20ರದು 8 ಪೌಂಡನ್ನೂ ತಡೆಯುತ್ತದೆ. (ಒಂದು ಪೌಂಡು ಸುಮಾರು 450 ಗ್ರಾಂ.) ತಯಾರಕರಿಂದ ತಯಾರಕರಿಗೆ ಇದರಲ್ಲಿ ವ್ಯತ್ಯಾಸವುಂಟು, ಗಂಟು ಹಾಕಿದ ಕಡೆ ಬಲವು ಇನ್ನೂ ಕುಗ್ಗುತ್ತದೆ. ಎರಡು ಪೌಂಡಿನ ಎಳೆಯಿಂದ ಆರು ಪೌಂಡಿನ ಮೀನನ್ನು ಹಿಡಿಯುವುದು ಹೇಗೆಂದು ಸಂದೇಹ ಬರಬಹುದು. ನೀರಿನಲ್ಲಿ ಮೀನಿನ ತೂಕವು ಬಹುಮಟ್ಟಿಗೆ ಇಲ್ಲದಂತೆಯೇ. ದಾರವು ತಡೆಯಬೇಕಾದದ್ದು ಅದರ ಓಟವನ್ನು ಮತ್ತು ಓಟದ ಮೊದಲ ಜಗ್ಗನ್ನು. ಈ ಜಗ್ಗನ್ನು ನುಂಗುವುದೇ ಎಲಾಸ್ಟಿಕ್ಕಿನ ಕೆಲಸ.

ಇಂಗ್ಲೆಂಡಿನ ಅಂಗಡಿಗಳಲ್ಲಿ ಎಲಾಸ್ಟಿಕ್ಕನ್ನು ನಂಬರಿನಿಂದ ಮಾರುತ್ತಾರೆ. 3 ಅಥವಾ 4ನೆಯ ನಂಬರು ಬಹು ತೆಳು. 20ನೆಯದು ಬಹು ದಪ್ಪ. ನಂಬರಿಗೊಂದು ಬಣ್ಣವಿದೆ. ಆದರೆ ಈ ನಂಬರುಗಳಿಗೂ ಬಣ್ಣಗಳಿಗೂ ಸರಕಾರದ ತೂಕ ಅಳತೆಗಳಂತೆ ಒಂದು ಸ್ಥಿರವಾದ ಗೊತ್ತಿಲ್ಲ. ಒಬ್ಬ ತಯಾರಕನ ಕೆಂಪು ಇನ್ನೊಬ್ಬನ ಹಳದಿಗೆ ಸಮವಾಗಿರಬಹುದು. ಒಬ್ಬನ ಹತ್ತು ಇನ್ನೊಬ್ಬನ ಎಂಟಕ್ಕಿಂತ ಮೃದುವಾಗಿರಬಹುದು. ಆದ್ದರಿಂದ ಕೆಳಗಿನ ಮಾತುಗಳನ್ನು ದಾರಿತೋರುವ ಗುರುತುಗಳೆಂದು ಭಾವಿಸತಕ್ಕದ್ದೇ ಹೊರತು ಶಾಸನವೆಂದಲ್ಲ.

ರೋಚ್ ಮೊದಲಾದ ಅಂಗೈಯಗಲದ ಮೀನುಗಳಿಗೆ 3 ರಿಂದ 5ರವರೆಗಿನ ನಂಬರೂ 0.08 ರಿಂದ 0.10ರ ಗಾಳದೆಳೆಯೂ ಸಾಕು. ಬ್ರೀಮ್ ಎಂಬ ಚಪ್ಪಟೆ ಮೀನಿನ ಮರಿಗಳಿಗೂ, ಗೆಂಡೆಗೂ ಅದರ ಹತ್ತಿರದ ಬಂಧುವಾದ ಮತ್ತೊಂದು ಮೀನಿಗೂ ಹುಟ್ಟಿದ ಮಿಶ್ರತಳಿಗೂ ತುಟಿಯು ಮೃದು. ಅವುಗಳಿಗೆ 6 ರಿಂದ 8ರ ನಂಬರು, 0.10 ರಿಂದ 0.12ರ ಎಳೆ. ಮೂರು ನಾಲ್ಕು ಪೌಂಡಿನವರೆಗಿನ ಗೆಂಡೆಗಳಿರುವ ತೆರೆದ ನೀರಿನಲ್ಲಿ 10 ರಿಂದ 12, ಗಾಳದೆಳೆಯು 0.14 ರಿಂದ 0.16. ದಡದ ಜೊಂಡಿನ ಬುಡದಲ್ಲಿ ದೊಡ್ಡ ಗೆಂಡೆಗಳನ್ನು ಹಿಡಿಯುವುದಾದರೆ 14 ರಿಂದ 20ರವರೆಗೆ ಏರಿ, 0.18ಕ್ಕೆ ಕಡಿಮೆಯಿಲ್ಲದ ಎಳೆಯನ್ನು ಕಟ್ಟಬೇಕು. ಯಾತಕ್ಕೆಂದರೆ ಅಲ್ಲಿ ಮೀನಿಗೆ ಓಡಲು ಅವಕಾಶ ಕೊಡುವಂತಿಲ್ಲ. ಎರಡು ಮಾರು ಹೋದರೆ ಜೊಂಡಿನೊಳಗೆ ಹೊಕ್ಕುಬಿಡುತ್ತದೆ. ಚಳಿಗಾಲದಲ್ಲಿ ಮೀನು ಜಡವಾಗಿರುವುದರಿಂದ ಒಂದು ನಂಬರು ಕೆಳಗಿಳಿಯಬಹುದು.

ಅಲ್ಲಿನ ಹಿಂದಿನ ಎಳೆಗಳೆಲ್ಲ ಗಟ್ಟಿಯಾದ, ಎಂದರೆ ಒಳಗೆ ಟೊಳ್ಳಿಲ್ಲದ ಎಳೆಗಳು. ಈಗ ಕೊಳವೆಯಂತೆ ಟೊಳ್ಳಾದವುಗಳೂ ಬಳಕೆಯಲ್ಲಿವೆ. ಟೊಳ್ಳಾದುದು ಮೊದಲಲ್ಲಿ ಮೃದುವಾಗಿ ಬಂದು ಬಹುದೂರ ಹಿಗ್ಗುವುದರಿಂದ, ಸಣ್ಣದೂ ದೊಡ್ಡದೂ ಬೆರೆತಿರುವ ಕೊಳಕ್ಕೆ ಅದು ಮೇಲು. ಗಟ್ಟಿಯಾದುದಕ್ಕೆ ಬೆಲೆ ಕಡಿಮೆ. ಒಂದೇ ಗಾತ್ರದ ಸಣ್ಣ ಮೀನುಗಳಿಗೆ ಅದೇ ಸಾಕು.

ಮೃದುವಾದುದೆಲ್ಲ ಹಿತವಲ್ಲ

ದಪ್ಪ ಎಲಾಸ್ಟಿಕ್ಕಿನಿಂದ ಆಗುವ ಕೆಡುಕು ಕಣ್ಣಿಗೆ ಕಾಣುತ್ತದೆ: ದಾರವು ಫಟ್ಟನೆ ಹರಿಯುತ್ತದೆ, ಇಲ್ಲವೆ ಕೊಕ್ಕೆಯು ತುಟಿಯನ್ನು ಸೀಳಿಕೊಂಡು ಬರುತ್ತದೆ. ಇದನ್ನು ಕಂಡ ಕೊಳದ ಒಡೆಯರು ತೆಳುವಾದ ಎಳೆಯೇ ಮೀನಿಗೆ ಹಿತವೆಂದು ನಂಬುವುದುಂಟು. ಇದು ಅರ್ಧ ಸತ್ಯ ಮಾತ್ರ, ಮತ್ತು ನಮ್ಮ ಸೀಮೆಯಲ್ಲಿ ಅರ್ಧಕ್ಕಿಂತಲೂ ಕಡಿಮೆ.

ತೆಳುವಾದ ಎಳೆಯಲ್ಲಿ ಸಿಕ್ಕಿದ ದೊಡ್ಡ ಗೆಂಡೆಯು ತಪ್ಪಿಸಿಕೊಳ್ಳಲೂ ಆಗದೆ ದಡಕ್ಕೆ ಬರಲೂ ಆಗದೆ ಕಾಲುಗಂಟೆ, ಅರ್ಧಗಂಟೆ ಓಡಾಡುತ್ತದೆ. ನೋಡುವವರಿಗೆ ಅದು ವಿನೋದ. ಆದರೆ ಹಾಗೆ ದಣಿದ ಮೀನಿನ ದೇಹವು ಮತ್ತೆ ಚೇತರಿಸಿಕೊಳ್ಳಲು ಹೆಚ್ಚು ಪ್ರಾಣವಾಯುವನ್ನು ಬೇಡುತ್ತದೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರತಕ್ಕ ಪ್ರಾಣವಾಯುವು ಕಡಿಮೆ. 20 ಡಿಗ್ರಿ ಸೆಂಟಿಗ್ರೇಡಿನ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರಬಹುದಾದರೆ, 30 ಡಿಗ್ರಿಯಲ್ಲಿ ಸುಮಾರು 7½ ಮಿಲಿಗ್ರಾಂಗಿಂತ ಹೆಚ್ಚು ನಿಲ್ಲುವುದಿಲ್ಲ. ಹಸುರುಗಟ್ಟಿದ ಹೊಂಡಗಳಲ್ಲಿ ರಾತ್ರಿಯೆಲ್ಲ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವದಲ್ಲಿ ಇದು ಇನ್ನೂ ಇಳಿಯುತ್ತದೆ. ಅಂಥ ನೀರಿಗೆ ದಣಿದ ಮೀನನ್ನು ಬಿಟ್ಟರೆ ಅದು ಈಜಿಕೊಂಡು ಹೋದಂತೆ ಕಾಣುತ್ತದೆ. ಮರುದಿನ ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲುತ್ತದೆ. ಗಾಳದವನು ಅದನ್ನು ನೋಡುವುದಿಲ್ಲ. ಆ ಹೊತ್ತಿಗೆ ಅವನು ಊರು ಸೇರಿರುತ್ತಾನೆ. ನೋಡುವವನು ಒಡೆಯ, ಮತ್ತು ಅವನು ನೀರಿಗೆ ರೋಗ ಬಂದಿತೆಂದು ಸುಣ್ಣವನ್ನು ತರಲು ಆಳನ್ನು ಕಳುಹಿಸುತ್ತಾನೆ.

ಆದಕಾರಣ ಬಯಲುಸೀಮೆಯ ಬೇಸಿಗೆಯಲ್ಲಿ, ಇಂಗ್ಲೆಂಡಿನಲ್ಲಿ ಹೇಳಿದ ನಂಬರಿಗಿಂತ ಒಂದೆರಡು ಹೆಚ್ಚಿನದನ್ನೇ ಹಾಕಿ, ಗಾಳದೆಳೆಯನ್ನೂ ಅದಕ್ಕೆ ಸರಿಯಾಗಿ ದಪ್ಪಮಾಡಿ, ಮೀನನ್ನು ಕೆಲವೇ ನಿಮಿಷಗಳಲ್ಲಿ ಕೈಬಲೆಗೆ ತರುವುದು ಯುಕ್ತವಾದ ಮಾರ್ಗ. ಎಲಾಸ್ಟಿಕ್ಕನ್ನು ಮಾತ್ರ ಹೆಚ್ಚಿಸಿ ಗಾಳದೆಳೆಯನ್ನು ಮೊದಲಿನಂತೆಯೇ ಬಿಟ್ಟರೆ ಆಗ ಮೊದಲು ಹೇಳಿದ ಕೆಡುಕೇ ಬರುತ್ತದೆ. ಈ ಎರಡನ್ನೂ ಜೋಡಿ ಎತ್ತುಗಳಂತೆ ಸಮನಾಗಿ ನೋಡಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಹೊಂಡದ ನೀರು ತಗ್ಗಿದಾಗ ಗಾಳವನ್ನೇ ನಿಲ್ಲಿಸಿಬಿಡುವ ಒಡೆಯನು ಒಂದೆರಡು ತಿಂಗಳ ಹಣವನ್ನು ಕಳೆದುಕೊಂಡರೂ ಮೀನನ್ನು ಉಳಿಸಿಕೊಳ್ಳುತ್ತಾನೆ.

ಮೃದುವಾದ ಎಳೆಯ ಗುಣವನ್ನು ಬಿಡದೆ ಮೀನನ್ನು ಬೇಗ ತರುವುದಕ್ಕೆ ಮತ್ತೊಂದು ಉಪಾಯವೂ ಇದೆ. ತುದಿಯ ತುಂಡುಗಳ ಪಕ್ಕದಲ್ಲಿ ಒಂದು ಸಣ್ಣ ರಂಧ್ರವನ್ನು ಕೊರೆದು, ಅದಕ್ಕೂ ನುಣುಪಾದ ಬಳೆಯನ್ನು ಕೂರಿಸಿ, ಅದರ ಮೂಲಕ ಎಳೆಯ ಹಿಂಬದಿಯನ್ನು ಕೈಯಿಂದ ಹೊರಕ್ಕೆ ಎಳೆದುಕೊಳ್ಳುವ ಏರ್ಪಾಡು. ಮೀನು ಓಡುವಾಗ ಪೂರ್ಣವಾದ ಮೃದುತ್ವ. ಮೀನು ದಣಿದು ದಡದ ಹತ್ತಿರ ಬಂದಾಗ, ಎಳೆಯನ್ನು ಕೈಯಿಂದ ಎಳೆದು ಗಿಡ್ಡಮಾಡಿದರೆ ಅದು ಬಿಗಿಯಾಗಿ ಮೀನನ್ನು ಮೇಲಕ್ಕೆ ತರುತ್ತದೆ. ಬಗೆಬಗೆಯ ಗಾತ್ರದ ಮೀನುಗಳಿರುವ ಹೊಂಡಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲವೆಂದೇ ಹೇಳಬಹುದು.

ಪರೀಕ್ಷೆ

ನಂಬರು, ಬಣ್ಣಗಳ ಮೇಲೆ ಭರವಸೆಯಿಡದೆ ಪ್ರತಿಯೊಬ್ಬನೂ ತನ್ನ ಸಾಮಗ್ರಿಯನ್ನು ತಾನೇ ಪರೀಕ್ಷಿಸಬಹುದು. ಇದಕ್ಕೆ ಬೇಕಾದದ್ದು ಒಂದು ಸಣ್ಣ ಸ್ಪ್ರಿಂಗ್ ತಕ್ಕಡಿ ಮತ್ತು ಇನ್ನೊಬ್ಬ ಮನುಷ್ಯ. ಗಾಳದೆಳೆಯನ್ನು ನೀರಿನಲ್ಲಿ ನೆನೆಸಿ, ಕೊಕ್ಕೆಗೆ ಹಾಕುವ ಗಂಟನ್ನೇ ಹಾಕಿ, ತಕ್ಕಡಿಗೆ ಕಟ್ಟಿ ನಿಧಾನವಾಗಿ ಎಳೆದು, ಎಷ್ಟಕ್ಕೆ ಹರಿಯಿತೆಂದು ಗುರುತಿಸಿಕೊಳ್ಳಬೇಕು. ಬಳಿಕ ಕೋಲಿನಲ್ಲಿ ಹಾಕಿದ ಎಲಾಸ್ಟಿಕ್ಕಿನ ಕೊಂಡಿಯನ್ನು ಅದೇ ತಕ್ಕಡಿಗೆ ಸಿಕ್ಕಿಸಿ, ಒಬ್ಬನು ಕೋಲನ್ನು ನೆಟ್ಟಗೆ ಹಿಡಿದಿರಲು ಇನ್ನೊಬ್ಬನು ಹಿಂದಕ್ಕೆ ಹೋಗುತ್ತ, ಎಳೆಯು ಥಟ್ಟನೆ ಬಿಗಿಯುವ ಹಂತದವರೆಗೆ ಎಳೆಯಬೇಕು. ಆಗ ತಕ್ಕಡಿಯು ತೋರಿಸುವ ತೂಕವು ಗಾಳದೆಳೆಯು ಹರಿದ ತೂಕದ ಮೂರನೆಯ ಎರಡು ಪಾಲಿಗೆ ಮೀರಿರಕೂಡದು. ಮೀರಿದರೆ ಎಲಾಸ್ಟಿಕ್ಕನ್ನು ಇಳಿಸಬೇಕು, ಇಲ್ಲವೆ ಗಾಳದೆಳೆಯನ್ನು ಏರಿಸಬೇಕು. ಅರ್ಧಕ್ಕಿಂತ ಬಹಳ ಕಡಿಮೆಯಿದ್ದರೆ ಆ ಗಾಳದೆಳೆಯ ಬಲವು ವ್ಯರ್ಥವಾಗುತ್ತಿದೆಯೆಂದೂ ಮೀನು ಅನಾವಶ್ಯಕವಾಗಿ ದಣಿಯುವುದೆಂದೂ ತಿಳಿಯತಕ್ಕದ್ದು. ಪರೀಕ್ಷೆಯ ಹೊತ್ತಿನಲ್ಲಿ ಕೊಂಡಿಯು ಜಾರಿದರೆ ಅದು ಕಣ್ಣಿಗೆ ಬಡಿಯುವ ಸಂಭವವಿರುವುದರಿಂದ ಮಕ್ಕಳನ್ನು ದೂರ ನಿಲ್ಲಿಸಬೇಕು.

ಬಿಗಿಯ ಪರೀಕ್ಷೆಯು ಇನ್ನೂ ಸುಲಭ. ಕೊಂಡಿಯನ್ನು ಹಿಡಿದು ಒಂದು ಮಾರು ಎಳೆದು, ಕೈಯಿಂದಲೇ ಹಿಂದಕ್ಕೆ ಬಿಡುತ್ತ ಬಂದಾಗ ಎಳೆಯು ಪೂರ್ಣವಾಗಿ ಒಳಗೆ ಹೋಗಿ ಕೊಂಡಿಯು ತುದಿಯ ಬಳೆಗೆ ಮೆಲ್ಲಗೆ ತಾಗಬೇಕು. ಕೊಂಡಿಯು ಹೊರಗೆ ನೇತಾಡಿದರೆ ಎಳೆಯು ಸಡಿಲ. ಬಿರಡೆಯ ಕಡೆಯಿಂದ ಸ್ವಲ್ಪ ಗಿಡ್ಡಮಾಡಬೇಕು. ಸಡಿಲವನ್ನು ಹೋಗಲಾಡಿಸಬೇಕೆಂದು ಅತಿಯಾಗಿ ಬಿಗಿದರೂ ದೋಷವೇ. ಬಿಗಿದಷ್ಟೂ ಅದರ ಹಿಗ್ಗುವ ಶಕ್ತಿಯಲ್ಲಿ ಒಂದು ಭಾಗವನ್ನು ಮೊದಲೇ ಖರ್ಚುಮಾಡಿದಂತೆ ಆಗುತ್ತದೆ. ತೆಳುವಾದ ಎಳೆಯನ್ನು ಬಿಗಿದು ದಪ್ಪದ ಎಳೆಯ ಕೆಲಸವನ್ನು ಮಾಡಿಸಲಾಗದು.

ಜೋಡಿಸುವಿಕೆ ಮತ್ತು ರಕ್ಷಣೆ

ದಪ್ಪ ಎಳೆಗೆ ಅಗಲವಾದ ಬಾಯಿ ಬೇಕು. ಕೋಲಿನ ತುದಿಯು ಕಿರಿದಾಗಿರುವುದರಿಂದ, ಬೇಕಾದ ಅಗಲವು ಸಿಕ್ಕುವವರೆಗೆ ತುದಿಯನ್ನು ಸಣ್ಣ ಹಲ್ಲಿನ ಗರಗಸದಿಂದ ಸ್ವಲ್ಪಸ್ವಲ್ಪವಾಗಿ ಕತ್ತರಿಸಬೇಕಾಗುತ್ತದೆ. ಕತ್ತರಿಸುವ ಜಾಗಕ್ಕೆ ಅಂಟುಪಟ್ಟಿಯನ್ನು ಸುತ್ತಿದರೆ ನಾರು ಸಿಬಿರೆದ್ದು ಬರುವುದಿಲ್ಲ. ಕತ್ತರಿಸಿದ ಅಂಚನ್ನು ಮರಳುಕಾಗದದಿಂದ ಉಜ್ಜಿ ನಯಮಾಡಿದ ಮೇಲೆಯೇ ಬಳೆಯನ್ನು ಕೂರಿಸತಕ್ಕದ್ದು. ಹೆಚ್ಚು ಕತ್ತರಿಸಿದ ತುದಿಯು ಮತ್ತೆ ಬೆಳೆಯುವುದಿಲ್ಲವೆಂಬುದನ್ನು ನೆನಪಿನಲ್ಲಿಟ್ಟು, ಕೂದಲಿನಷ್ಟು ಕಡಿಮೆಯಾಗಿಯೇ ಕತ್ತರಿಸುವುದು ಜಾಣತನ. ಬಳೆಯಲ್ಲಿ ಒಂದು ಸಣ್ಣ ಗೀರು ಇದ್ದರೂ ಅದು ಕತ್ತಿಯಂತೆ ಎಳೆಯನ್ನು ಕೊಯ್ಯುತ್ತದೆ. ಕಾರಣವಿಲ್ಲದೆ ಎಳೆಯು ಪದೇ ಪದೇ ತುಂಡಾಗುತ್ತಿದ್ದರೆ ಎಳೆಯನ್ನು ಮಾರಿದವನನ್ನು ಬೈಯುವುದಕ್ಕೆ ಮುಂಚೆ ಬಳೆಯೊಳಗೆ ಒಂದು ಹತ್ತಿಯ ಚೂರನ್ನು ತೂರಿಸಿ ನೋಡಬೇಕು. ಹತ್ತಿಯು ಸಿಕ್ಕಿಕೊಂಡರೆ ದೋಷವು ಅಲ್ಲಿದೆ.

ಬೈಸಿಕಲ್ಲಿನ ಟ್ಯೂಬನ್ನು ಸೀಳಿದ ಪಟ್ಟಿಯನ್ನು ಎಲಾಸ್ಟಿಕ್ಕಿನ ಬದಲು ಹಾಕಿಕೊಳ್ಳಬಹುದೆಂಬ ಯೋಚನೆಯು ಸಹಜವಾದರೂ ಪ್ರಯೋಜನವಿಲ್ಲ. ಕತ್ತರಿಸಿದ ಅಂಚಿನಲ್ಲಿರುವ ಪ್ರತಿಯೊಂದು ಕಚ್ಚೂ ಎಳೆದಾಗ ಹರಿಯುತ್ತ ಹೋಗುತ್ತದೆ. ಬಳೆಯಲ್ಲಿ ಅದು ಜಾರುವುದೂ ಇಲ್ಲ. ಬಿದಿರಿನ ಕೋಲನ್ನೇ ಬಳಸುವವರು ಕೋಲಿನ ತುದಿಯ ಬಳುಕನ್ನು ಎಲಾಸ್ಟಿಕ್ಕಿಗೆ ಬದಲಾಗಿ ಎಣಿಸಿ, ಬುಡ ಗಟ್ಟಿಯಾಗಿಯೂ ತುದಿ ಸಣ್ಣದಾಗಿಯೂ ಇರುವ ಕೋಲನ್ನು ಆರಿಸಿಕೊಂಡರೆ ಸಣ್ಣ ಮೀನಿಗೆ ಸಾಲುತ್ತದೆ.

ಪ್ರಸಂಗವಶಾತ್ ಇನ್ನೊಂದು ಮಾತು. ಬೆಂಡು ನೆಟ್ಟಗೆ ನಿಲ್ಲಲು ದಾರಕ್ಕೆ ಕಚ್ಚಿಸುವ ಈಯದ ಗುಂಡುಗಳು ನೀರಿನ ತಳದಲ್ಲಿ ಬಿದ್ದು, ಮೇಯುವ ಹಂಸಗಳ ಹೊಟ್ಟೆ ಸೇರಿ ವಿಷವಾಗುತ್ತಿದ್ದುದರಿಂದ ಬ್ರಿಟನ್ನಿನಲ್ಲಿ 1987ರಿಂದ ಅವುಗಳ ಮಾರಾಟವನ್ನು ಬಹುಮಟ್ಟಿಗೆ ನಿಷೇಧಿಸಿದ್ದಾರೆ. ಬಾತುಕೋಳಿ ಸಾಕಿರುವ ಹೊಂಡದ ಒಡೆಯರು ಇದನ್ನು ಗಮನಿಸುವುದು ಒಳ್ಳೆಯದು.

ರಬ್ಬರಿಗೆ ಬಿಸಿಲೂ ಎಣ್ಣೆಯೂ ಶತ್ರುಗಳು. ಎಳೆಯು ಸರಾಗವಾಗಿ ಜಾರಲೆಂದು ಕೆಲವರು ಯಂತ್ರದ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಸವರುತ್ತಾರೆ. ಅದರಿಂದ ರಬ್ಬರು ಉಬ್ಬಿ ಬಲಗುಂದುತ್ತದೆ. ಸಿಲಿಕೋನ್ ಬೆರೆತ ದ್ರವವೇ ಇದಕ್ಕೆ ತಕ್ಕದ್ದು. ಅದು ದೊರೆಯದಿದ್ದರೆ ಶುದ್ಧವಾದ ನೀರೇ ಸಾಕು. ದಿನದ ಕೆಲಸ ಮುಗಿದ ಮೇಲೆ ತುದಿಯ ತುಂಡುಗಳನ್ನು ಒಳ್ಳೆಯ ನೀರಿನಲ್ಲಿ ತೊಳೆದು, ಎಳೆಯನ್ನು ಹೊರಗೆ ಎಳೆದು ಬೆರಳುಗಳ ನಡುವೆ ಜಾರಿಸಿ ನೋಡಬೇಕು. ಕೊಂಡಿಯ ಹತ್ತಿರದ ಒಂದು ಗೇಣು ಎಲ್ಲಕ್ಕಿಂತ ಬೇಗ ಸವೆಯುತ್ತದೆ. ಅಲ್ಲಿ ಬಿಳಿಯ ಗೆರೆಗಳಾಗಲಿ ಒರಟಾಗಲಿ ಕಂಡುಬಂದರೆ ಆ ಭಾಗವನ್ನು ಕತ್ತರಿಸಿ ಕೊಂಡಿಯನ್ನು ಮತ್ತೆ ಕಟ್ಟಬೇಕು. ಬಿರಡೆಯ ಮೇಲೆ ಹತ್ತು ಹನ್ನೆರಡು ಸುತ್ತು ಹೆಚ್ಚಿನ ಎಳೆಯನ್ನು ಸುತ್ತಿಟ್ಟಿದ್ದರೆ ಹೀಗೆ ಮಾಡಲು ಅನುಕೂಲವಾಗುತ್ತದೆ. ಟೊಳ್ಳಾದ ಎಳೆಯ ಬಾಯೊಳಗೆ ನೀರು ಹೋಗದಂತೆ ಗಂಟನ್ನು ಭದ್ರವಾಗಿ ಹಾಕಿರಬೇಕು. ಅತಿಥಿಗಳಿಗೆ ಬಾಡಿಗೆಗೆ ಕೊಡುವ ಕೋಲುಗಳಲ್ಲಿ ಎಳೆಯ ನಂಬರನ್ನೂ ಅದಕ್ಕೆ ಸರಿಯಾದ ಗಾಳದೆಳೆಯ ದಪ್ಪವನ್ನೂ ಎಳೆಯನ್ನು ಹಾಕಿದ ತಿಂಗಳನ್ನೂ ಒಂದು ಚೀಟಿಯಲ್ಲಿ ಬರೆದು ತುದಿಯ ತುಂಡಿಗೆ ಅಂಟಿಸಿ, ವರ್ಷಕ್ಕೊಮ್ಮೆ ಎಳೆಯನ್ನು ಪೂರ್ತಿಯಾಗಿ ಬದಲಾಯಿಸತಕ್ಕದ್ದು. ಉಳಿದ ಹೊಸ ಎಳೆಯನ್ನು ಡಬ್ಬಿಯಲ್ಲಿ ಮುಚ್ಚಿ ತಂಪಾದ ಕತ್ತಲೆಯ ಜಾಗದಲ್ಲಿ ಇಟ್ಟುಕೊಳ್ಳಬೇಕು. ಮೋಟಾರು ವಾಹನದ ಹಿಂಬದಿಯಲ್ಲಿ ಬಿಸಿಲಿಗೆ ಬಿಟ್ಟ ಎಳೆಯು ಹೊಸದಾಗಿ ಕಂಡರೂ ಅದನ್ನು ಕೋಲಿಗೆ ಹಾಕಕೂಡದು.